ಐದೇ ದಿನದಲ್ಲಿ ಎಲ್ಕ್ ಬೇಟೆ ಆಗುತ್ತಾ?

ಪ್ರಶ್ನೆ: ನಮಸ್ಕಾರ. ನಾನು ಕೊಡಗಿನವನು. ಈಗ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಊರಲ್ಲಿ ಕೈಲ್ ಪೊಳ್ದ್ ದಿನ ಕೋವಿ ಪೂಜೆ ನೋಡಿ ಬೆಳೆದವನು, ಆದರೆ ಅಲ್ಲಿ ಬೇಟೆ ಮಾಡಿದವನಲ್ಲ. ಇಲ್ಲಿಗೆ ಬಂದಮೇಲೆ ಹಂಟರ್ ಎಜುಕೇಶನ್ ಮುಗಿಸಿ, ಟೆಕ್ಸಾಸ್ ಲೈಸೆನ್ಸ್ ತೆಗೆದುಕೊಂಡು ಜಿಂಕೆ ಬೇಟೆಗೆ ಹೋಗಿದ್ದೇನೆ. ಈ ಅಕ್ಟೋಬರ್ ಕೊನೆಗೆ ಆಫೀಸಿನ ಅಮೆರಿಕನ್ ಗೆಳೆಯನ ಜೊತೆ ಕೊಲೊರಾಡೊಗೆ ಎಲ್ಕ್ ಅನ್ನುವ ದೊಡ್ಡ ಜಾತಿಯ ಜಿಂಕೆಯ ಬೇಟೆಗೆ ಹೋಗುವ ಆಸೆ. ರಜೆ ಒಂದು ವಾರ, ಪ್ರಯಾಣ ಕಳೆದರೆ ಉಳಿಯೋದು ಐದು ದಿನ. "ಮೊದಲ ಎರಡು ದಿನದಲ್ಲಿ ಸಿಗದಿದ್ದರೆ ಆಮೇಲೆ ಸಿಗಲ್ಲ" ಅಂತ ಒಬ್ಬರು ಹೇಳುತ್ತಾರೆ. "ಜಾಸ್ತಿ ಮದ್ದಿನ ತೋಟಾ ಹಾರಿಸುವ ಮ್ಯಾಗ್ನಮ್ ರೈಫಲ್ ಇಲ್ಲದೆ ಎಲ್ಕ್ ಬೀಳಲ್ಲ" ಅಂತ ಇನ್ನೊಬ್ಬರು. ಕೂಗು ಹಾಕಿ ಕರೆಯೋದು ಕಲಿಯಲೇಬೇಕಂತೆ. ಗೈಡ್ ಇಲ್ಲದೆ ಹೋದರೆ ದುಡ್ಡು ದಂಡವಾ? ವೀಸಾದಲ್ಲಿರುವ ನಾನು ಕೋವಿ ಹಿಡಿಯಬಹುದಾ ಅಂತ ಹೆಂಡತಿಗೆ ಭಯ. ದಯವಿಟ್ಟು ತಿಳಿಸಿ.

ಉತ್ತರ: ಪತ್ರದಲ್ಲಿ ಪ್ರಶ್ನೆಗಳು ಬೇಕಾದಷ್ಟಿವೆ, ಆದರೆ ಒಳಗಿರುವ ಚಿಂತೆ ಒಂದೇ. ಇಷ್ಟು ಕಡಿಮೆ ದಿನದಲ್ಲಿ, ಗುರುತಿಲ್ಲದ ಬೆಟ್ಟದಲ್ಲಿ, ನೋಡೇ ಇಲ್ಲದ ಪ್ರಾಣಿಯನ್ನು ಹುಡುಕಿಕೊಂಡು ಹೋಗೋದರಲ್ಲಿ ಅರ್ಥ ಇದೆಯಾ ಅಂತ ನೀವು ಕೇಳುತ್ತಿದ್ದೀರಿ. ನಾನು ಕೊಲೊರಾಡೊದಲ್ಲಿ ಹೊಸ ಬೇಟೆಗಾರರಿಗೆ ಪಾಠ ಹೇಳುತ್ತೇನೆ, ಸೀಸನ್‌ನಲ್ಲಿ ಗೈಡ್ ಕೆಲಸ ಮಾಡುತ್ತೇನೆ. ನಿಮ್ಮ ಹಾಗೆ ದೂರದಿಂದ ಬರುವವರನ್ನು ಪ್ರತಿ ವರ್ಷ ನೋಡುತ್ತೇನೆ. ಖಂಡಿತ ಅರ್ಥ ಇದೆ. ಆದರೆ ಲೆಕ್ಕ ಸರಿಯಾಗಿ ಹಾಕಿಕೊಂಡು ಬರಬೇಕು.

ಮೊದಲ ಲೆಕ್ಕ ಇದು: ನಿಮ್ಮ ಕೈಲಿ ಐದು ದಿನ ಇಲ್ಲ, ನಾಲ್ಕೇ ಇರೋದು. ಒಂದು ದಿನ ಮಾಂಸಕ್ಕೆ. ದೊಡ್ಡ ಗಂಡು ಎಲ್ಕ್ ಅಂದರೆ ಸುಮಾರು 320 ಕಿಲೋ, ಹೆಣ್ಣು ಸುಮಾರು 225 ಕಿಲೋ. ನೀವು ಟೆಕ್ಸಾಸ್‌ನಲ್ಲಿ ಹೊಡೆದ ಜಿಂಕೆಯನ್ನು ಇಬ್ಬರು ಎಳೆದುಕೊಂಡು ಟ್ರಕ್ಕಿಗೆ ಹಾಕಿರುತ್ತೀರಿ. ಎಲ್ಕ್ ಬಿದ್ದಲ್ಲಿಂದ ಅಲ್ಲಾಡಲ್ಲ. ಅಲ್ಲೇ ಸುಲಿದು, ಭಾಗ ಮಾಡಿ, ಬೆನ್ನ ಮೇಲೆ ಹೊತ್ತು ತರಬೇಕು. ಕೊನೆಯ ದಿನ ಸಂಜೆ ಹೊಡೆದು, ಮರುದಿನ ಬೆಳಗ್ಗೆ ಡಲ್ಲಾಸ್‌ಗೆ ಹೊರಡಬೇಕು ಅಂದರೆ ಒಳ್ಳೆ ಮಾಂಸ ಹಾಳು ಮಾಡಿದ ಪಾಪ ಕಟ್ಟಿಕೊಳ್ಳುತ್ತೀರಿ. ಕೊಲೊರಾಡೊದಲ್ಲಿ ತಿನ್ನುವ ಮಾಂಸ ಬಿಟ್ಟು ಬರೋದು ಅಪರಾಧ ಕೂಡ. ಅದಕ್ಕೇ ಐದನೇ ದಿನ ಖಾಲಿ ಇರಲಿ.

ಎರಡನೆಯ ಲೆಕ್ಕ, ನಿರೀಕ್ಷೆಯದು. ಅಮೆರಿಕದಲ್ಲಿ ಎಲ್ಕ್ ಎಲ್ಲಕ್ಕಿಂತ ಜಾಸ್ತಿ ಇರೋದು ಕೊಲೊರಾಡೊದಲ್ಲೇ. ಹಾಗಿದ್ದರೂ ಸರ್ಕಾರಿ ಕಾಡಿನಲ್ಲಿ, ಲಾಟರಿ ಇಲ್ಲದೆ ಸಿಗುವ ಒಟಿಸಿ ಲೈಸೆನ್ಸ್ ಹಿಡಿದು ಹೋಗುವ ಐದಾರು ಜನರಲ್ಲಿ ಒಬ್ಬರಿಗೆ ಎಲ್ಕ್ ಸಿಕ್ಕರೆ ಹೆಚ್ಚು. ಕೆಲವು ಯೂನಿಟ್‌ಗಳಲ್ಲಿ, ಅಂದರೆ ಇಲಾಖೆ ಬೇಟೆಗೆಂದು ವಿಂಗಡಿಸಿದ ಪ್ರದೇಶಗಳಲ್ಲಿ, ಅಷ್ಟೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ "ಹೋದರೆ ಸಿಗುತ್ತೆ" ಅಂದುಕೊಂಡು ಬಂದವರು ಎರಡನೇ ದಿನಕ್ಕೇ ಎದೆಗುಂದುತ್ತಾರೆ. ಎದೆಗುಂದಿದವರು ಹನ್ನೊಂದು ಗಂಟೆಗೆ ಕ್ಯಾಂಪಿಗೆ ವಾಪಸ್ ಬಂದು ಮಲಗುತ್ತಾರೆ. ನಿಜವಾಗಿ ದಿನ ಕಳೆದುಹೋಗೋದು ಅಲ್ಲಿ.

ಈಗ ನೀವು ಕೇಳಿದ ಮಾತುಗಳಿಗೆ ಬರೋಣ.

ಕೂಗು ಹಾಕಿ ಕರೆಯೋದು ಸುಳ್ಳಲ್ಲ, ಆದರೆ ನಿಮ್ಮ ತಿಂಗಳಿಗೆ ಹೊಂದಲ್ಲ. ಎಲ್ಕ್‌ನ ಬೆದೆಗಾಲ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ದಿನಗಳವರೆಗೆ. ಆಗ ಗಂಡು ತಾನೇ ಕೂಗುತ್ತದೆ, ಕೂಗಿಗೆ ಬರುತ್ತದೆ. ಕೋವಿ ಬೇಟೆಗೆ ಇಲಾಖೆ ಬಿಡಿಬಿಡಿಯಾಗಿ ಗೊತ್ತುಮಾಡಿದ ಅವಧಿಗಳಲ್ಲಿ ಎರಡನೆಯದು, ಅಂದರೆ ಎರಡನೇ ರೈಫಲ್ ಸೀಸನ್, ಶುರುವಾಗೋದು ಅಕ್ಟೋಬರ್ ಕೊನೆಗೆ. ಅಷ್ಟೊತ್ತಿಗೆ ಗಂಡು ವಾರಗಟ್ಟಲೆ ಸರಿಯಾಗಿ ಮೇಯದೆ, ಹೊಡೆದಾಡಿ, ಮೈ ಇಳಿಸಿಕೊಂಡಿರುತ್ತದೆ. ಹೆಣ್ಣುಗಳ ಹಿಂಡು ಬಿಟ್ಟು, ಒಂಟಿಯಾಗಿಯೋ ಎರಡು ಮೂರು ಗಂಡುಗಳ ಜೊತೆಗೋ, ಮೇವು, ನೀರು, ನೆರಳು ಮೂರೂ ಹತ್ತಿರ ಸಿಗುವ ಕಡಿದಾದ ಜಾಗ ಸೇರಿಕೊಂಡಿರುತ್ತದೆ. ಅದಕ್ಕೆ ಜಗಳ ಬೇಡ, ಜೊತೆ ಬೇಡ, ಹೊಟ್ಟೆ ತುಂಬಿದರೆ ಸಾಕು. ಆ ಕಾಡಿನಲ್ಲಿ ಕೊಳವೆ ಊದಿದರೆ ಇಲ್ಲೊಬ್ಬ ಮನುಷ್ಯ ಇದ್ದಾನೆ ಅಂತ ನೀವೇ ಸಾರಿದ ಹಾಗೆ. ಹೆಣ್ಣಿನ ಮೆಲುದನಿ ಹೊರಡಿಸುವ ಪುಟ್ಟ ಪೀಪಿ ಒಂದು ಜೇಬಿನಲ್ಲಿರಲಿ. ನಡೆಯುವ ಎಲ್ಕ್ ಒಂದು ಗಳಿಗೆ ನಿಂತು ತಿರುಗಿ ನೋಡಲು ಅದು ಸಹಾಯ ಮಾಡುತ್ತದೆ. ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

ಮ್ಯಾಗ್ನಮ್ ಬೇಕಾಗಿಲ್ಲ. .270, .308, .30-06 ತೋಟಾದ ಸಾಮಾನ್ಯ ಕೋವಿಗಳು ಧಾರಾಳ ಸಾಕು. ಕಾನೂನು ಕೇಳೋದು ಇನ್ನೂ ಕಡಿಮೆ: ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್ (ಗುಂಡಿನ ದಪ್ಪ, ಇಂಚಿನಲ್ಲಿ), ಗುಂಡು 85 ಗ್ರೇನ್ (ಸುಮಾರು ಐದೂವರೆ ಗ್ರಾಂ ತೂಕ). ಜಿಂಕೆಗೆ ಬಳಸಿ ಕೈಗೆ ಒಗ್ಗಿದ ಕೋವಿಯನ್ನೇ ತನ್ನಿ, ತಾಗಿದಾಗ ಅರಳುವ ಒಳ್ಳೆ ಬೇಟೆ ಗುಂಡಿನ ತೋಟಾ ಕೊಳ್ಳಿ. ಹೊಸ ಮ್ಯಾಗ್ನಮ್‌ನ ಹೊಡೆತಕ್ಕೆ ಹೆದರಿ ಕಣ್ಣು ಮುಚ್ಚಿ ಟ್ರಿಗರ್ ಎಳೆಯುವವರನ್ನು ರೇಂಜಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ರೇಂಜಿನ ಮೇಜಿನ ಮೇಲೆ ಕೋವಿ ಇಟ್ಟು ಹೊಡೆದು ಅಭ್ಯಾಸವಾಯಿತು ಅಂದುಕೊಳ್ಳಬೇಡಿ. ಚೀಲವನ್ನು ನೆಲದ ಮೇಲಿಟ್ಟು, ಕೂತು, ಮಂಡಿಯೂರಿ, ಒಂದಿಷ್ಟು ಓಡಿ ಏದುಸಿರು ಬರುವಾಗ ಹೊಡೆಯಿರಿ. ಎಂಟು ಇಂಚಿನ ಪೇಪರ್ ತಟ್ಟೆಗೆ ಎಷ್ಟು ದೂರದಿಂದ ಪ್ರತಿ ಸಲ ಬೀಳುತ್ತದೋ ಅಷ್ಟೇ ನಿಮ್ಮ ದೂರ. ಹೆಚ್ಚಿನ ಹೊಸಬರಿಗೆ ಅದು 200 ಗಜ. ನಾಚಿಕೆಪಡುವಂಥದ್ದೇನಿಲ್ಲ. ದಟ್ಟ ಕಾಡಿನಲ್ಲಿ ಅದಕ್ಕಿಂತ ಹತ್ತಿರವೇ ಸಿಗೋದು.

ಮೊದಲ ಎರಡು ದಿನದ ಮಾತಿನಲ್ಲಿ ಅರ್ಧ ನಿಜ ಇದೆ. ಎರಡನೇ ಸೀಸನ್ ಶನಿವಾರ ಶುರುವಾಗುತ್ತದೆ, ಒಟ್ಟು ಒಂಬತ್ತು ದಿನ. ಮೊದಲ ಶನಿವಾರ, ಭಾನುವಾರ ಕಾಡಿನ ರಸ್ತೆ ತುಂಬಾ ಟ್ರಕ್ಕು. ಗುಂಡಿನ ಸದ್ದು, ಎಟಿವಿ ಅನ್ನುವ ಕಾಡುದಾರಿಯ ಪುಟ್ಟ ಗಾಡಿಗಳ ಸದ್ದು. ಎಲ್ಕ್‌ಗಳು ರಸ್ತೆ ಬಿಟ್ಟು ಒಳಗೆ ಸರಿಯುತ್ತವೆ, ಇಲ್ಲವೇ ಬೇಲಿ ದಾಟಿ ಖಾಸಗಿ ರಾಂಚ್‌ಗೆ ಹೋಗುತ್ತವೆ. ಆದರೆ ಮಂಗಳವಾರದ ಹೊತ್ತಿಗೆ ಅರ್ಧ ಕ್ಯಾಂಪ್ ಖಾಲಿ. ಬುಧವಾರ ಬೆಳಗ್ಗೆ ನಿಮ್ಮ ಕಣಿವೆಯಲ್ಲಿ ನೀವಿಬ್ಬರೇ ಇರಬಹುದು. ಹೆದರಿದ ಎಲ್ಕ್ ಬೇರೆ ರಾಜ್ಯಕ್ಕೇನೂ ಹೋಗಿರಲ್ಲ. ಎರಡು ಏಣು ದಾಟಿ, ಜನ ಇಳಿಯದ ಗುಂಡಿಯಲ್ಲಿ ಮಲಗಿರುತ್ತದೆ. ನನ್ನನ್ನು ಕೇಳಿದರೆ, ರಜೆ ಹೊಂದಿಸಿಕೊಳ್ಳಲು ಆಗುವುದಾದರೆ ಸೋಮವಾರದಿಂದ ಶುಕ್ರವಾರ ಇಟ್ಟುಕೊಳ್ಳಿ. ಶನಿವಾರ, ಭಾನುವಾರ ಬೆಟ್ಟದ ಬುಡಕ್ಕೆ ಬಂದು ಮೈ ಒಗ್ಗಿಸಿಕೊಳ್ಳಿ. ಮೊದಲ ದಿನದ ಅವಕಾಶ ತಪ್ಪುತ್ತದೆ, ಅದು ಇದರ ನಷ್ಟ. ಲಾಭ ಅಂದರೆ ಗದ್ದಲ ಇಲ್ಲದ ಕಾಡು ಮತ್ತು ತಲೆನೋವಿಲ್ಲದ ಮೈ.

ತಲೆನೋವಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಡಲ್ಲಾಸ್ ಇರೋದು ಸಮುದ್ರಮಟ್ಟದಿಂದ 500 ಅಡಿ ಒಳಗೆ. ನೀವು ಓಡಾಡಬೇಕಾದ್ದು 8,500ರಿಂದ 10,500 ಅಡಿಯಲ್ಲಿ. ಒಂದೇ ದಿನದಲ್ಲಿ ಕಾರು ಓಡಿಸಿಕೊಂಡು ಬಂದು 9,500 ಅಡಿಯಲ್ಲಿ ಡೇರೆ ಹಾಕಿದರೆ ರಾತ್ರಿ ನಿದ್ದೆ ಬರಲ್ಲ, ಊಟ ಸೇರಲ್ಲ, ಬೆಳಗ್ಗೆ ವಾಕರಿಕೆ. ಜಿಮ್‌ನಲ್ಲಿ ಗಟ್ಟಿಯಾದವರಿಗೂ ಹೀಗಾಗುತ್ತದೆ, ಯಾಕೆಂದರೆ ಇದು ಶಕ್ತಿಯ ಪ್ರಶ್ನೆ ಅಲ್ಲ. ಗಾಳಿ ತೆಳುವಾದದ್ದಕ್ಕೆ ಮೈ ಒಗ್ಗಲು ಒಂದರಿಂದ ಮೂರು ದಿನ ಬೇಕು. ಮೊದಲ ರಾತ್ರಿ ಡೆನ್ವರ್‌ನಲ್ಲೋ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನಲ್ಲೋ ಉಳಿಯಿರಿ. ಎರಡೂ ಐದು ಸಾವಿರ ಅಡಿ ಚಿಲ್ಲರೆ. ಎರಡನೇ ರಾತ್ರಿ ಕ್ಯಾಂಪ್. ನೀರು ಜಾಸ್ತಿ ಕುಡಿಯಿರಿ, ಆ ಎರಡು ರಾತ್ರಿ ಮದ್ಯ ಬೇಡ. ಅಸೆಟಜೋಲಮೈಡ್ ಅನ್ನುವ ಮಾತ್ರೆ ಕೆಲವರಿಗೆ ಸಹಾಯ ಮಾಡುತ್ತದೆ, ಆದರೆ ಸಲ್ಫಾ ಅಲರ್ಜಿ ಇದ್ದವರು ಎಚ್ಚರದಿಂದಿರಬೇಕು, ಆದ್ದರಿಂದ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಕೂತಲ್ಲೇ ಉಸಿರು ಕಟ್ಟುತ್ತಿದ್ದರೆ, ನಡೆಯುವಾಗ ಓಲಾಡುತ್ತಿದ್ದರೆ ಅದೇ ಗಳಿಗೆ ಕೆಳಗಿಳಿಯಬೇಕು. ಬೆಳಗಾಗಲಿ ನೋಡೋಣ ಅನ್ನೋ ಹಾಗಿಲ್ಲ.

ಇನ್ನು ಎಲ್ಕ್ ಎಲ್ಲಿರುತ್ತದೆ, ಹೇಗೆ ಹುಡುಕೋದು? ಇದನ್ನು ಬಿಡಿಸಿ ಹೇಳಬೇಕು. ಹೊಸಬರು ಸೋಲೋದು ಇಲ್ಲೇ.

ಕಾಡು ದೊಡ್ಡದು. ವೈಟ್ ರಿವರ್ ನ್ಯಾಷನಲ್ ಫಾರೆಸ್ಟ್ ಒಂದೇ ಸುಮಾರು 23 ಲಕ್ಷ ಎಕರೆ. ಅದರ ಉತ್ತರ ಭಾಗದಲ್ಲಿರುವ ಫ್ಲ್ಯಾಟ್ ಟಾಪ್ಸ್ ಬೆಟ್ಟಗಳ ಸುತ್ತ ಓಡಾಡುವ ಹಿಂಡು ರಾಜ್ಯದಲ್ಲೇ ದೊಡ್ಡದು. ಇದನ್ನು ಕೇಳಿ ಎಲ್ಲರೂ ಅಲ್ಲಿಗೇ ಓಡುತ್ತಾರೆ, ಜನವೂ ಅಲ್ಲೇ ಜಾಸ್ತಿ. ನೀವು ಡಲ್ಲಾಸ್‌ನಿಂದ ಬರುವವರು. ದಕ್ಷಿಣದ ಸ್ಯಾನ್ ಹ್ವಾನ್ ಕಡೆಯ ಕಾಡು ನಿಮಗೆ ಕೆಲವು ಗಂಟೆ ಹತ್ತಿರ. ಹಿಂಡಿನ ಹೆಸರಿಗಿಂತ ಉಳಿಯುವ ಆ ಗಂಟೆಗಳು ನಿಮಗೆ ಮುಖ್ಯ. ಯಾವ ಯೂನಿಟ್ ಆದರೂ ಕಾಡಿನ ತುಂಬಾ ಎಲ್ಕ್ ಹರಡಿಕೊಂಡಿರಲ್ಲ. ಹತ್ತರಲ್ಲಿ ಒಂಬತ್ತು ಪಾಲು ಖಾಲಿ, ಒಂದು ಪಾಲಿನಲ್ಲಿ ಅಷ್ಟೂ. ಖಾಲಿ ಜಾಗದಲ್ಲಿ ಎಷ್ಟು ಎಚ್ಚರದಿಂದ ನಡೆದರೂ ಉಪಯೋಗ ಇಲ್ಲ.

ಆ ಜಾಗಗಳನ್ನು ಮನೆಯಲ್ಲೇ ಕೂತು ಹುಡುಕಬಹುದು. ಕೊಲೊರಾಡೊ ಪಾರ್ಕ್ಸ್ ಆಂಡ್ ವೈಲ್ಡ್‌ಲೈಫ್ ಇಲಾಖೆಯ ಹಂಟಿಂಗ್ ಅಟ್ಲಾಸ್ ಪುಕ್ಕಟೆ. ಗೂಗಲ್ ಅರ್ಥ್ ಇದೆ. ಸರ್ಕಾರಿ ಜಾಗ ಯಾವುದು, ಖಾಸಗಿ ಯಾವುದು ತೋರಿಸುವ ಆನ್‌ಎಕ್ಸ್ ಥರದ ಆಪ್ ದುಡ್ಡು ಕೊಟ್ಟು ಹಾಕಿಕೊಳ್ಳಿ, ನಕ್ಷೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಬೆಟ್ಟದಲ್ಲಿ ಸಿಗ್ನಲ್ ಇರಲ್ಲ. ನಕ್ಷೆಯಲ್ಲಿ ಉತ್ತರಕ್ಕೆ ಮುಖ ಮಾಡಿದ ಇಳಿಜಾರು ನೋಡಿ. ಅಲ್ಲಿ ಬಿಸಿಲು ಕಡಿಮೆ, ಸ್ಪ್ರೂಸ್ ಮರ ದಟ್ಟ, ಹಗಲು ಎಲ್ಕ್ ಮಲಗೋದು ಅಲ್ಲೇ. ಅದರ ಅರ್ಧ ಮೈಲಿ ಆಸುಪಾಸಿನಲ್ಲಿ ಹುಲ್ಲಿನ ಬಯಲೋ, ಆಸ್ಪೆನ್ ತೋಪೋ, ಕೆಲವು ವರ್ಷದ ಹಿಂದೆ ಬೆಂಕಿ ಬಿದ್ದು ಈಗ ಚಿಗುರಿದ ಜಾಗವೋ ಇರಬೇಕು. ನೀರು ಇರಬೇಕು. ಮತ್ತೆ, ವಾಹನ ಓಡುವ ರಸ್ತೆಯಿಂದ ಒಂದು ಮೈಲಿಯಾದರೂ ದೂರ, ಇಲ್ಲವೇ ರಸ್ತೆಗೆ ಹತ್ತಿರವಿದ್ದರೂ ಯಾರೂ ಇಳಿಯಲು ಮನಸ್ಸು ಮಾಡದ ಕಡಿದು ಗುಂಡಿ. ಈ ಎರಡನೆಯದನ್ನು ಜನ ಮರೆಯುತ್ತಾರೆ. ನನಗೆ ಇಷ್ಟವಾದದ್ದು ಅದೇ.

ಇಂಥ ಜಾಗ ಒಂದಲ್ಲ, ಮೂರು ಗುರುತು ಹಾಕಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಅರ್ಧ ಗಂಟೆಯ ಡ್ರೈವ್ ಮೀರದಿರಲಿ. ಮೊದಲ ಜಾಗದಲ್ಲಿ ಒಂದೂವರೆ ದಿನ ಹುಡುಕಿ. ಹೊಸ ಗುರುತು ಏನೂ ಕಾಣದಿದ್ದರೆ ಎರಡನೆಯದಕ್ಕೆ ಹೋಗಿ, ಬೇಸರ ಬೇಡ. ಆದರೆ ಹೊಸ ಗುರುತು ಸಿಕ್ಕಿದ್ದರೆ, ಎಲ್ಕ್ ಕಣ್ಣಿಗೆ ಬೀಳಲಿಲ್ಲ ಅಂತ ಜಾಗ ಬಿಡಬೇಡಿ. ಚಿಕ್ಕ ರಜೆಯವರು ಗಾಬರಿಯಲ್ಲಿ ಇದನ್ನು ಉಲ್ಟಾ ಮಾಡುತ್ತಾರೆ. ಖಾಲಿ ಜಾಗದಲ್ಲಿ ಮೂರು ದಿನ ಕೂರುತ್ತಾರೆ, ಎಲ್ಕ್ ಇರುವ ಜಾಗ ಒಂದು ಬೆಳಗಿಗೇ ಬಿಟ್ಟು ಹೊರಡುತ್ತಾರೆ.

ಹೊಸ ಗುರುತು ಅಂದರೆ ಏನು? ಹಿಕ್ಕೆ ನೋಡಿ. ಆ ದಿನದ್ದಾದರೆ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತದೆ, ಕಡ್ಡಿಯಿಂದ ಒತ್ತಿದರೆ ಮೆತ್ತಗೆ ಒಡೆಯುತ್ತದೆ, ಒಳಗೆ ಹಸಿರು. ಒಂದೆರಡು ದಿನದ ಮೇಲೆ ಮಿರುಗು ಹೋಗಿ ಕಂದುತ್ತದೆ. ವಾರ ಕಳೆದರೆ ಒಣಗಿ ಪುಡಿಯಾಗುತ್ತದೆ. ಹೆಜ್ಜೆ ನಾಲ್ಕು ಇಂಚಿನಷ್ಟು ಉದ್ದ, ಜಿಂಕೆಯದ್ದಕ್ಕಿಂತ ದುಂಡಗೆ. ಅಂಚು ಚೂಪಾಗಿದ್ದರೆ ಹೊಸದು, ಒಳಗೆ ಪೈನ್ ಎಲೆ ಬಿದ್ದಿದ್ದರೆ ಹಳೆಯದು. ಗಾಳಿಯಲ್ಲಿ ದನದ ಕೊಟ್ಟಿಗೆಯ ವಾಸನೆ ಬಂತು ಅಂದರೆ ನಿಂತಲ್ಲೇ ನಿಂತುಬಿಡಿ. ಎಲ್ಕ್ ಹತ್ತಿರದಲ್ಲೇ ಇದೆ, ಅಥವಾ ಈಗ ತಾನೇ ಎದ್ದು ಹೋಗಿದೆ.

ವಾಸನೆಯ ಮಾತು ಬಂದಾಗ ಗಾಳಿಯ ಮಾತು ಹೇಳಲೇಬೇಕು. ಎಲ್ಕ್ ನಿಮ್ಮನ್ನು ಕಂಡರೆ ಒಂದು ಗಳಿಗೆ ಅನುಮಾನದಿಂದ ನೋಡುತ್ತದೆ. ಸದ್ದು ಕೇಳಿದರೂ ಕಿವಿ ನಿಮಿರಿಸಿ ಕಾಯುತ್ತದೆ. ವಾಸನೆ ಸಿಕ್ಕಿದರೆ ಎರಡನೇ ಯೋಚನೆ ಇಲ್ಲ, ಹಿಂಡೇ ಎದ್ದು ಮೈಲಿಗಟ್ಟಲೆ ಹೋಗುತ್ತದೆ. ಅಂಗಡಿಯಲ್ಲಿ ಮಾರುವ ವಾಸನೆ ತಡೆಯುವ ಸ್ಪ್ರೇಗಳಿಗೆ ದುಡ್ಡು ಹಾಕಬೇಡಿ. ಬೆವರು ಸುರಿಸಿಕೊಂಡು ಬೆಟ್ಟ ಹತ್ತುವ ಮನುಷ್ಯನನ್ನು ಯಾವ ಸ್ಪ್ರೇಯೂ ಮುಚ್ಚಿಡಲ್ಲ.

ಬೆಟ್ಟದಲ್ಲಿ ಗಾಳಿಗೆ ದಿನಚರಿ ಇದೆ. ರಾತ್ರಿ ತಣ್ಣಗಾದ ಗಾಳಿ ಭಾರ, ಕಣಿವೆಗೆ ಇಳಿಯುತ್ತಿರುತ್ತದೆ. ಬಿಸಿಲು ಬಿದ್ದು ಇಳಿಜಾರು ಕಾದ ಮೇಲೆ, ಒಂಬತ್ತು ಹತ್ತು ಗಂಟೆ ಹೊತ್ತಿಗೆ, ಅದೇ ಗಾಳಿ ಮೇಲಕ್ಕೆ ತಿರುಗುತ್ತದೆ. ಸಂಜೆ ನೆರಳು ಬಿದ್ದ ಕೂಡಲೇ ಮತ್ತೆ ಕೆಳಕ್ಕೆ. ಹಾಗಾಗಿ ಬೆಳಗಿನ ಜಾವ ಎಲ್ಕ್‌ಗಿಂತ ಕೆಳಗಿರಿ, ಹಗಲು ಮೇಲಿರಿ, ಸಂಜೆ ಮತ್ತೆ ಕೆಳಗೆ ಬನ್ನಿ. ಒಂದು ಪುಟ್ಟ ಪ್ಲಾಸ್ಟಿಕ್ ಬಾಟಲಿಗೆ ಕಾರ್ನ್‌ಫ್ಲೋರ್ ತುಂಬಿಕೊಳ್ಳಿ. ಕೆಲವು ನಿಮಿಷಕ್ಕೊಮ್ಮೆ ಅದುಮಿ, ಪುಡಿ ಎತ್ತ ತೇಲುತ್ತದೆ ನೋಡಿ. ಕೆನ್ನೆಗೆ ಗಾಳಿ ತಾಗುತ್ತಿಲ್ಲ ಅನ್ನಿಸಿದಾಗಲೂ ಪುಡಿ ಮೆಲ್ಲಗೆ ಒಂದು ಕಡೆ ಜಾರುತ್ತಿರುತ್ತದೆ. ಗಾಳಿ ದಿಕ್ಕು ಬದಲಾಗುವ ಅರ್ಧ ಮುಕ್ಕಾಲು ಗಂಟೆ ಸುಮ್ನೆ ಕೂತುಬಿಡಿ. ಆ ಹೊತ್ತಲ್ಲಿ ಹಿಂಡಿನ ಹತ್ತಿರ ಹೋದರೆ ಕೆಡಿಸೋದೇ ಜಾಸ್ತಿ.

ದಿನ ಹೇಗೆ ಸಾಗಬೇಕು ಅಂದರೆ, ಬೆಳಕಾಗುವ ಮೊದಲೇ ಬಯಲು ಕಾಣುವ ದಿಬ್ಬದ ಮೇಲಿರಬೇಕು. ಕತ್ತಲಲ್ಲಿ ಹೆಡ್‌ಲ್ಯಾಂಪ್ ಹಾಕಿಕೊಂಡು ಒಂದು ಗಂಟೆ ಹತ್ತಬೇಕು ಅಂದರೆ ಹತ್ತಬೇಕು. ಗುಂಡು ಹಾರಿಸಲು ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿಂದ ಮುಳುಗಿದ ಅರ್ಧ ಗಂಟೆ ನಂತರದವರೆಗೆ ಅನುಮತಿ ಇದೆ. ಎಲ್ಕ್ ಬಯಲಲ್ಲಿ ಕಾಣೋದೇ ಈ ಎರಡು ತುದಿಯಲ್ಲಿ. ಬೈನಾಕ್ಯುಲರ್ ಹಿಡಿದು ಬಯಲಿನ ಅಂಚು, ಮರದ ಸಂದು ಒಂದೊಂದೇ ನೋಡಿ. ಇಡೀ ಪ್ರಾಣಿ ಹುಡುಕಬೇಡಿ. ಮಾಸಲು ಹಳದಿ ಬಣ್ಣದ ಹಿಂಭಾಗ, ಅಡ್ಡ ಗೆರೆಯಂಥ ಬೆನ್ನು, ಅಲುಗುವ ಕಿವಿ, ಇಷ್ಟೇ ಕಾಣೋದು. ಹಗಲು ಕ್ಯಾಂಪಿಗೆ ಹೋಗಬೇಡಿ. ಊಟ ಚೀಲದಲ್ಲಿರಲಿ. ಹತ್ತರಿಂದ ಮೂರರವರೆಗೆ, ಗಾಳಿ ಮೇಲೇರುತ್ತಿರುವಾಗ, ದಟ್ಟ ಮರದೊಳಗೆ ಮೇಲಿನಿಂದ ನುಸುಳಿ, ಮೂರು ಹೆಜ್ಜೆಗೆ ಒಮ್ಮೆ ನಿಂತು ನೋಡುತ್ತಾ ಹೋಗಿ. ನಾಲ್ಕು ದಿನ ಹೀಗೆ ಪೂರಾ ದಿನ ಕಾಡಿನಲ್ಲಿದ್ದರೆ, ಬೆಳಗ್ಗೆ ಸಂಜೆ ಮಾತ್ರ ಹೋಗುವವರ ಎರಡು ಪಟ್ಟು ಬೇಟೆ ಮಾಡಿದಂತಾಯಿತು ಅಲ್ವಾ?

ಎದುರಿಗೆ ಬಂದಾಗ ಹೊಡೆಯುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ಒಟಿಸಿ ಇರುವ ಹೆಚ್ಚಿನ ಯೂನಿಟ್‌ಗಳಲ್ಲಿ ಗಂಡಿನ ಒಂದು ಕೊಂಬಿಗಾದರೂ ನಾಲ್ಕು ಕವಲು ಇರಬೇಕು, ಇಲ್ಲವೇ ಹಣೆಯ ಮೇಲಿನ ಮೊದಲ ಕವಲು ಐದು ಇಂಚಾದರೂ ಇರಬೇಕು. ಎಣಿಸಲು ಆಗದಿದ್ದರೆ ಹೊಡೆಯಬೇಡಿ. ಇನ್ನೊಂದು, ಅದು ಎಲ್ಕೇ ಹೌದಾ? ಎಲ್ಕ್ ಅಂದುಕೊಂಡು ಮೂಸ್ ಹೊಡೆಯುವವರು ಇಲ್ಲಿ ಪ್ರತಿ ವರ್ಷ ಸಿಕ್ಕಿಬೀಳುತ್ತಾರೆ. ಮೂಸ್ ಮೈಯೆಲ್ಲ ಕಪ್ಪು ಕಂದು, ಹಿಂಭಾಗ ಬಿಳಿಚಿರಲ್ಲ, ಮೂತಿ ದಪ್ಪ, ಮನುಷ್ಯನನ್ನು ಕಂಡರೂ ಓಡಲ್ಲ. ಓಡದೆ ನಿಂತಿದೆ ಅಂದರೆ ಅನುಮಾನ ಪಡಿ. ಸೊಂಟದಿಂದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ, ಜೊತೆಗೆ ಅದೇ ಬಣ್ಣದ ಟೋಪಿ ಕಡ್ಡಾಯ.

ಗುಂಡು ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗದಷ್ಟು ಎತ್ತರಕ್ಕೆ. ನಿಮಗೆ ಬೆನ್ನು ತಿರುಗಿಸಿ ಹೋಗುತ್ತಿರುವ ಎಲ್ಕ್‌ಗೆ ಹೊಡೆಯಬೇಡಿ, ಎಷ್ಟೇ ಆಸೆಯಾದರೂ. ಎಲ್ಕ್ ಗಟ್ಟಿ ಪ್ರಾಣಿ. ಗುಂಡು ಸರಿಯಾಗಿ ಬಿದ್ದರೂ ಏನೂ ಆಗದ ಹಾಗೆ ನಡೆದು ಮರದೊಳಗೆ ಹೋಗಬಹುದು. ತಪ್ಪಿತು ಅಂದುಕೊಳ್ಳಬೇಡಿ. ನಿಂತಿದ್ದ ಜಾಗ, ಕೊನೆಗೆ ಕಂಡ ಜಾಗ ಎರಡನ್ನೂ ಫೋನಿನಲ್ಲಿ ಗುರುತು ಹಾಕಿ. ಅರ್ಧ ಗಂಟೆ ಕೂರಿ. ಆಮೇಲೆ ಹೋಗಿ ರಕ್ತ ನೋಡಿ. ನೊರೆ ಇರುವ ತಿಳಿ ಕೆಂಪಾದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪಾದರೆ ಇನ್ನಷ್ಟು ಹೊತ್ತು ಕಾಯಿರಿ. ಹಸಿರು ಬೆರೆತು ಹೊಟ್ಟೆಯ ವಾಸನೆ ಬಂದರೆ ಹಲವು ಗಂಟೆ ಬಿಡಬೇಕು. ಆತುರಪಟ್ಟು ಹಿಂದೆ ಹೋದರೆ ಅದು ಎದ್ದು ಇನ್ನೊಂದು ಕಣಿವೆಗೆ ಹೋಗಿ ಸಾಯುತ್ತದೆ, ಯಾರಿಗೂ ಸಿಗಲ್ಲ.

ಬಿದ್ದ ಮೇಲೆ ಮೊದಲ ಕೆಲಸ ಟ್ಯಾಗ್, ಅಂದರೆ ಲೈಸೆನ್ಸ್ ಜೊತೆ ಬರುವ ಚೀಟಿ: ದಿನಾಂಕ ಬರೆದು, ಸಹಿ ಮಾಡಿ. ಗಂಡೋ ಹೆಣ್ಣೋ ತಿಳಿಯುವ ಅಂಗ ಮಾಂಸದ ಒಂದು ಭಾಗಕ್ಕೆ ಅಂಟಿಕೊಂಡೇ ಇರಬೇಕು, ಕತ್ತರಿಸಿ ಬೇರೆ ಮಾಡೋ ಹಾಗಿಲ್ಲ. ಆಮೇಲೆ ಚರ್ಮ ಬೇಗ ತೆಗೆಯಿರಿ. ಅಕ್ಟೋಬರ್‌ನಲ್ಲಿ ಚಳಿ ಇದೆಯಲ್ಲ ಅಂತ ನಿಧಾನ ಮಾಡಬೇಡಿ. ಎಲ್ಕ್‌ನ ಚರ್ಮ ದಪ್ಪ, ತೊಡೆಯೊಳಗಿನ ಬಿಸಿ ಗಂಟೆಗಟ್ಟಲೆ ಹಾಗೇ ಇರುತ್ತದೆ. ಹಾಳಾಗಲು ಶುರುವಾಗೋದೂ ಅಲ್ಲೇ, ತೊಡೆ ಮೂಳೆಯ ಸುತ್ತ. ಹೊಟ್ಟೆ ಸೀಳದೆಯೇ ನಾಲ್ಕು ಕಾಲು, ಬೆನ್ನಿನ ಮಾಂಸ, ಕುತ್ತಿಗೆ ಬಿಡಿಸುವ ವಿಧಾನ ಇದೆ. ವಿಡಿಯೋ ನೋಡಿ ಕಲಿತುಕೊಳ್ಳಿ, ಇಬ್ಬರಿಗೂ ಗೊತ್ತಿರಲಿ. ಗಾಳಿಯಾಡುವ ಬಟ್ಟೆ ಚೀಲಕ್ಕೆ ಹಾಕಿ ನೆರಳಿನ ಮರಕ್ಕೆ ನೇತುಹಾಕಿ. ಕರಡಿ ಬರುವ ಕಾಡು, ಒಳಭಾಗ ಬಿದ್ದಿರುವ ಜಾಗದಿಂದ ದೂರ ನೇತುಹಾಕಿ.

ಈಗ ದೂರದ ಲೆಕ್ಕ ನೋಡಿ. ದೊಡ್ಡ ಗಂಡಿನಿಂದ ಮೂಳೆ ಬಿಡಿಸಿದ ಮಾಂಸ ಸುಮಾರು 200 ಪೌಂಡ್, ಅಂದರೆ 90 ಕಿಲೋ. 50 ಪೌಂಡಿನಂತೆ ನಾಲ್ಕು ಹೊರೆ. ರಸ್ತೆಯಿಂದ ಮೂರು ಮೈಲಿ ಒಳಗೆ ಹೊಡೆದರೆ, ಒಬ್ಬರೇ ಆದರೆ ಹೊತ್ತು ಬರೋದು ನಾಲ್ಕು ಸಲ, ಖಾಲಿ ಹೋಗೋದು ಮೂರು ಸಲ: ಒಟ್ಟು 21 ಮೈಲಿ. ಇಬ್ಬರಾದರೆ ತಲಾ ಒಂಬತ್ತು ಮೈಲಿ. ಅದೂ ಬಿದ್ದ ಮರಗಳ ಮೇಲೆ, ಹತ್ತು ಸಾವಿರ ಅಡಿಯಲ್ಲಿ. ನಿಮ್ಮಿಬ್ಬರಿಗೆ ನನ್ನ ಸಲಹೆ: ಎರಡು ಮೈಲಿಗಿಂತ ಆಚೆ ಹೊಡೆಯಬೇಡಿ. ಅದಕ್ಕಿಂತ ಒಳಗೆ ಹೋಗುವ ಯೋಚನೆ ಇದ್ದರೆ, ಕುದುರೆಯಲ್ಲಿ ಮಾಂಸ ತಂದುಕೊಡುವವರ ಜೊತೆ ಸೆಪ್ಟೆಂಬರ್‌ನಲ್ಲೇ ಮಾತಾಡಿಟ್ಟುಕೊಳ್ಳಿ. ಹೊಡೆದ ಮೇಲೆ ಫೋನ್ ಮಾಡಿದರೆ ಬಿಡುವಿರಲ್ಲ.

ವಾಪಸ್ ಹೋಗುವಾಗ ತಲೆಬುರುಡೆ, ಬೆನ್ನುಮೂಳೆ ರಾಜ್ಯದ ಗಡಿ ದಾಟಿಸಬೇಡಿ. ಮಾಂಸ ಪೂರ್ತಿ ಬಿಡಿಸಿಕೊಂಡು ಹೋಗಿ. ಕಾರಣ ಸಿಡಬ್ಲ್ಯುಡಿ ಅನ್ನುವ ಮಿದುಳಿನ ಕಾಯಿಲೆ, ಜಿಂಕೆ ಮತ್ತು ಎಲ್ಕ್‌ಗಳಲ್ಲಿ ಹರಡುತ್ತಿದೆ. ಮನುಷ್ಯರಿಗೆ ಬಂದದ್ದು ಇದುವರೆಗೆ ಸಾಬೀತಾಗಿಲ್ಲ. ಆದರೂ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಪ್ರಾಣಿಯನ್ನು ತಿನ್ನಬೇಡಿ ಅಂತ ಅಮೆರಿಕದ ಆರೋಗ್ಯ ಇಲಾಖೆಯೇ ಹೇಳುತ್ತದೆ. ಹೊರಡುವ ಮೊದಲು ತಲೆಯನ್ನು ವೈಲ್ಡ್‌ಲೈಫ್ ಆಫೀಸಿಗೆ ಪರೀಕ್ಷೆಗೆ ಕೊಟ್ಟುಹೋಗಿ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿರಲಿ.

ಗೈಡ್ ಬೇಕಾ? ಖಾಸಗಿ ರಾಂಚ್‌ನಲ್ಲಿ ಗೈಡ್ ಜೊತೆ ಹೋದರೆ ಸಾಧ್ಯತೆ ತುಂಬಾ ಹೆಚ್ಚುತ್ತದೆ, ಖರ್ಚು ಕೆಲವು ಸಾವಿರ ಡಾಲರ್. ಸರ್ಕಾರಿ ಕಾಡಿನ ಗೈಡ್ ಆದರೂ ಖರ್ಚು ಸಾವಿರಗಟ್ಟಲೆ ಡಾಲರ್, ಸಾಧ್ಯತೆ ಅಷ್ಟಿಲ್ಲ. ನಡುವಿನ ದಾರಿ ಡ್ರಾಪ್ ಕ್ಯಾಂಪ್: ಕುದುರೆಯಲ್ಲಿ ನಿಮ್ಮನ್ನೂ ಡೇರೆಯನ್ನೂ ಒಳಗೆ ಬಿಟ್ಟು, ವಾರ ಬಿಟ್ಟು ಬಂದು ಕರೆದುಕೊಂಡು ಹೋಗುತ್ತಾರೆ. ಅದರ ಅಪಾಯ ಏನೆಂದರೆ, ಬಿಟ್ಟ ಜಾಗ ಖಾಲಿಯಾಗಿದ್ದರೆ ನಿಮಗೆ ಬೇರೆ ಜಾಗಕ್ಕೆ ಹೋಗಲು ಆಗಲ್ಲ. ಚಿಕ್ಕ ರಜೆಯವರಿಗೆ ನಾನು ಅದನ್ನು ಹೇಳಲ್ಲ. ಯಾರನ್ನೇ ಗೊತ್ತುಮಾಡಿಕೊಂಡರೂ ಕೊಲೊರಾಡೊದಲ್ಲಿ ನೋಂದಣಿ ಆದ ಔಟ್‌ಫಿಟರ್ (ದುಡ್ಡಿಗೆ ಬೇಟೆ ಏರ್ಪಡಿಸುವವರು) ಹೌದೋ ಅಲ್ಲವೋ ನೋಡಿಕೊಳ್ಳಿ. ನಿಮಗೆ ನಿಜವಾಗಿ ಹೊಂದುವ ಇನ್ನೊಂದು ದಾರಿ ಇದೆ, ಹೆಣ್ಣಿನ ಲೈಸೆನ್ಸ್. ಹೆಣ್ಣುಗಳು ಹಿಂಡಿನಲ್ಲಿರುತ್ತವೆ, ಕಾಣಲು ಸುಲಭ, ಕವಲು ಎಣಿಸುವ ತಲೆನೋವಿಲ್ಲ, ಮಾಂಸವೂ ಮೆತ್ತಗೆ. ಗೋಡೆಗೆ ಕೊಂಬು ಬೇಕೇಬೇಕು ಅಂತಿಲ್ಲದಿದ್ದರೆ ಮೊದಲ ಬೇಟೆಗೆ ಇದೇ ಸರಿ. ಇದರ ಲಾಟರಿಗೆ ಕೊನೆ ದಿನ ಏಪ್ರಿಲ್ ಮೊದಲ ಮಂಗಳವಾರ. ಅದು ತಪ್ಪಿದ್ದರೆ, ಉಳಿದ ಲೈಸೆನ್ಸ್‌ಗಳು ಆಗಸ್ಟ್ ಮೊದಲ ಮಂಗಳವಾರ ಮಾರಾಟಕ್ಕೆ ಬರುತ್ತವೆ, ಬೆಳಗ್ಗೆಯೇ ಕಂಪ್ಯೂಟರ್ ಮುಂದೆ ಕೂತಿರಿ. ನವೆಂಬರ್‌ನ ಮೂರನೇ ಸೀಸನ್ ಬಗ್ಗೆಯೂ ಯೋಚಿಸಬಹುದು. ಹಿಮ ಬಿದ್ದರೆ ಎಲ್ಕ್ ಕೆಳಗಿಳಿಯುತ್ತದೆ, ಹೆಜ್ಜೆ ಎದ್ದು ಕಾಣುತ್ತದೆ. ಆದರೆ ಟೆಕ್ಸಾಸ್‌ನ ಟೈರಿನಲ್ಲಿ ಆ ರಸ್ತೆಗೆ ಬರಬೇಡಿ, ಚೈನ್ ಇಲ್ಲದೆ ಅಂತೂ ಬೇಡವೇ ಬೇಡ.

ಲೈಸೆನ್ಸ್ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. 2025ರಿಂದ ಹೊರರಾಜ್ಯದವರಿಗೆ ರಾಜ್ಯದ ಪಶ್ಚಿಮ ಭಾಗದಲ್ಲಿ ಬಿಲ್ಲುಬಾಣದ ಒಟಿಸಿ ನಿಂತುಹೋಗಿದೆ. ಹಳೆ ಗೆಳೆಯರ ಮಾತು ನಂಬದೆ ಆ ವರ್ಷದ ಕೈಪಿಡಿಯನ್ನೇ ಓದಿ. ಹೊರಗಿನವರಿಗೆ ಗಂಡಿನ ಲೈಸೆನ್ಸ್ 800 ಡಾಲರ್ ಮೇಲೆ. ನಿಮ್ಮ ಟೆಕ್ಸಾಸ್ ಹಂಟರ್ ಎಜುಕೇಶನ್ ಕಾರ್ಡ್ ಇಲ್ಲಿ ನಡೆಯುತ್ತದೆ.

ಕೊನೆಗೆ ನಿಮ್ಮ ಮನೆಯವರ ಭಯ. ಅದು ಸುಮ್ನೆ ಬಂದದ್ದಲ್ಲ. ಎಚ್-1ಬಿಯಂಥ ವೀಸಾದಲ್ಲಿರುವವರು ಕೋವಿಯಾಗಲಿ ತೋಟಾ ಆಗಲಿ ಹೊಂದಿರಬಾರದು ಅನ್ನೋದು ಫೆಡರಲ್ ಕಾನೂನಿನ 922ನೇ ಸೆಕ್ಷನ್‌ನ ಸಾಮಾನ್ಯ ನಿಯಮ. ಅದರಲ್ಲೇ ವಿನಾಯಿತಿ ಕೂಡ ಇದೆ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಲಿದ್ದರೆ ಹೊಂದಬಹುದು. ಇಲ್ಲಿ ಎಡವೋದು ಎಲ್ಲಿ ಗೊತ್ತಾ? ಟೆಕ್ಸಾಸ್ ಲೈಸೆನ್ಸ್‌ನ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಸೆಪ್ಟೆಂಬರ್‌ನಲ್ಲಿ ಗೆಳೆಯನ ಕೋವಿ ತೆಗೆದುಕೊಂಡು ರೇಂಜಿಗೆ ಹೋಗುವಾಗ ಹೊಸದು ಕೊಂಡಿರದಿದ್ದರೆ, ಬೇರೆ ರಾಜ್ಯದ ಬೇಟೆ ಲೈಸೆನ್ಸ್ ಕೂಡ ಇಲ್ಲದಿದ್ದರೆ, ಆ ದಿನ ನಿಮ್ಮ ಕೈಲಿ ವಿನಾಯಿತಿ ಇಲ್ಲ. ಸೆಪ್ಟೆಂಬರ್ 1ರಂದೇ ಹೊಸ ಲೈಸೆನ್ಸ್ ಕೊಳ್ಳಿ. ಅದರ ಪ್ರತಿ, ಕೊಲೊರಾಡೊ ಲೈಸೆನ್ಸ್, ಪಾಸ್‌ಪೋರ್ಟ್, ಅಮೆರಿಕ ಪ್ರವೇಶದ ದಾಖಲೆಯಾದ ಐ-94 ಜೊತೆಗಿರಲಿ. ದಾರಿಯಲ್ಲಿ ಕೋವಿ ಖಾಲಿ, ಪೆಟ್ಟಿಗೆಯಲ್ಲಿ ಬೀಗ ಹಾಕಿ. ಕೊಲೊರಾಡೊದಲ್ಲಿ ವಾಹನದೊಳಗೆ ರೈಫಲ್‌ನ ಚೇಂಬರ್‌ನಲ್ಲಿ ತೋಟಾ ಇಡುವಂತಿಲ್ಲ. ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿದ್ದರೆ ಒಮ್ಮೆ ಇಮಿಗ್ರೇಶನ್ ವಕೀಲರಿಗೆ ಕಾಗದ ಪತ್ರ ತೋರಿಸಿ, ಅವರ ಉತ್ತರವನ್ನು ಬರಹದಲ್ಲೇ ಪಡೆದುಕೊಂಡು ಮನೆಯವರಿಗೂ ಓದಲು ಕೊಡಿ.